ಒಣ ಬಂಡೆಯ ಹಾವಸೆ ತಂದವಳು

ನನ್ನ ಜಾಗಕ್ಕೆ ಬಂದಿರುವ ಸುಮಾ ಹೋದ ತಿಂಗಳು ಫೋನ್ ಮಾಡಿದಳು. "ಅಕ್ಕ, ಕಿಟಕಿ ಪಕ್ಕದ ಬೀರು ತುಂಬಾ ಪೇಪರ್ ಪೊಟ್ಟಣ ಇದಾವೆ. ಬಿಚ್ಚಿ ನೋಡಿದ್ರೆ ಎಲ್ಲದ್ರಲ್ಲೂ ಬರೀ ಕರೀ ಪುಡಿ. ಎಸೆದು ಬೀರು ಒರೆಸಿಬಿಡ್ಲಾ?"

ನಾನು ಒಲೆಯ ಮೇಲೆ ಸಾರು ಇಟ್ಟಿದ್ದೆ. ಸೌಟು ಹಿಡಿದುಕೊಂಡೇ ಕೂಗಿದೆ. "ಮುಟ್ಟಬೇಡ ಕಣೇ! ಹೆಂಗಿತ್ತೋ ಹಂಗೇ ಮಡಚಿಡು!"

ಪಾಪ, ಹೆದರಿಬಿಟ್ಟಳು. "ಯಾಕಕ್ಕ, ವಿಷನಾ?"

"ವಿಷ ಅಲ್ಲ, ಗಿಡ. ಜೀವ ಇರೋ ಗಿಡ."

ನಿವೃತ್ತಿಯಾದ ಮೇಲೆ ಅಕ್ಕನ ತಲೆ ಸ್ವಲ್ಪ ಆಚೀಚೆ ಆಗಿದೆ ಎಂದುಕೊಂಡಳೋ ಏನೋ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಅವಳಿಗೆಂದು ಶುರು ಮಾಡಿದ್ದು ಇಷ್ಟುದ್ದವಾಯಿತು. ಅವಳ ಹಾಗೆ ಲ್ಯಾಬುಗಳಿಗೆ ಹೊಸದಾಗಿ ಸೇರುವ ಬೇರೆ ಮಕ್ಕಳೂ ಓದಿದರೆ ಸಂತೋಷ.

ನಾನು ಅರಸೀಕೆರೆಯ ಒಂದು ಕಾಲೇಜಿನ ಸಸ್ಯಶಾಸ್ತ್ರ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಅಟೆಂಡರ್ ಆಗಿದ್ದೆ. ಯಾವಾಗ ಸೇರಿದೆ, ಯಾವಾಗ ಖಾಯಂ ಆದೆ, ಆ ಕಾಗದಗಳೆಲ್ಲ ಟ್ರಂಕಿನಲ್ಲಿವೆ. ಅದರಿಂದ ಯಾರಿಗೂ ಏನೂ ಆಗಬೇಕಾಗಿಲ್ಲ. ಬೆಳಿಗ್ಗೆ ಬೀಗ ತೆಗೆಯುವುದು, ಮೈಕ್ರೋಸ್ಕೋಪುಗಳ ಧೂಳು ಒರೆಸುವುದು, ಸ್ಲೈಡು ತೊಳೆಯುವುದು, ಹುಡುಗರು ಬ್ಲೇಡಿನಿಂದ ಬೆರಳು ಕುಯ್ದುಕೊಂಡರೆ ಬ್ಯಾಂಡೇಜು ಸುತ್ತುವುದು, ಇವು ನನ್ನ ಕೆಲಸವೆಂದು ಬರೆದು ಕೊಟ್ಟಿದ್ದರು. ಪಾಠಕ್ಕೆ ಬೇಕಾದ ಗಿಡಗಳನ್ನು ಹುಡುಕಿ ತರುವುದು ಯಾವ ಆದೇಶದಲ್ಲೂ ಇರಲಿಲ್ಲ. ಆದರೆ ನನ್ನ ಆಯಸ್ಸಿನ ಒಳ್ಳೆಯ ದಿನಗಳೆಲ್ಲ ಕಳೆದದ್ದು ಅದರಲ್ಲಿಯೇ, ಅದರಲ್ಲೂ ಬಂಡೆಗಳ ಮೇಲೆ.

ಸುಮಾ, ನೀನು ಕೇಳಿದೆಯಲ್ಲ, ಎಸೆದುಬಿಡಲಾ ಎಂದು. ನಾನು ಕೇಳಲೇ ಇಲ್ಲ. ಎಸೆದೇಬಿಟ್ಟಿದ್ದೆ.

ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಆಗ ನಮ್ಮ ವಿಭಾಗದ ಮುಖ್ಯಸ್ಥರು ವಿಶ್ವನಾಥಯ್ಯ ಮೇಷ್ಟ್ರು. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ದಾರ ಕಟ್ಟಿದ ಒಂದು ಭೂತಗನ್ನಡಿ. ಇಡೀ ಕಾಲೇಜು ನನ್ನನ್ನು "ಏನಮ್ಮ, ಬಾರಮ್ಮ" ಎನ್ನುತ್ತಿದ್ದಾಗ ಅವರೊಬ್ಬರು "ರತ್ನಮ್ಮನವರೇ" ಎಂದು ಕರೆಯುತ್ತಿದ್ದರು. ಮಗಳ ಮದುವೆಗೆಂದು ಒಂದು ವಾರ ರಜೆ ಹಾಕಿ ಹೋದರು. ಅವರು ಬರುವಷ್ಟರಲ್ಲಿ ಲ್ಯಾಬು ಫಳಫಳ ಎನ್ನಬೇಕೆಂದು ನನಗೆ ಆಸೆ. ಅದೇ ಬೀರು ತೆಗೆದೆ. ಹಳೇ ನ್ಯೂಸ್‌ಪೇಪರಿನ ಪೊಟ್ಟಣಗಳು, ಒಳಗೆ ಕರೀ ಪುಡಿ. ಇಲಿ ಹಿಕ್ಕೆಯೇ ಇರಬೇಕೆಂದು ಮೂಗು ಮುಚ್ಚಿಕೊಂಡು ಎಲ್ಲವನ್ನೂ ಲ್ಯಾಬಿನ ಹಿಂದಿನ ಬೇವಿನ ಮರದ ಬುಡಕ್ಕೆ ಕೊಡವಿದೆ. ಪೇಪರುಗಳನ್ನು ಒಲೆ ಉರಿಗೆಂದು ಮನೆಗೆ ತಂದೆ.

ಮೇಷ್ಟ್ರು ಬಂದು ಬೀರು ತೆಗೆದರು. ಕೆಳಗಿನ ಖಾನೆಗೂ ಇಣುಕಿ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

"ರತ್ನಮ್ಮನವರೇ, ಇಲ್ಲಿ ಪೊಟ್ಟಣಗಳಿದ್ದವಲ್ಲ?"

"ಗಲೀಜಾಗಿತ್ತು ಸಾರ್. ಬೇವಿನ ಮರದ ಕೆಳಗೆ ಹಾಕಿದೆ."

ಅವರ ಮುಖ ನೋಡಿದ ಕೂಡಲೇ ಕೆಲಸ ಹೋಯಿತು ಎಂದುಕೊಂಡೆ. ಅವರು ಎದ್ದು ಹಿಂದಕ್ಕೆ ನಡೆದರು. ನಾನೂ ಕೈ ಹಿಸುಕಿಕೊಳ್ಳುತ್ತ ಹಿಂಬಾಲಿಸಿದೆ. ಹಿಂದಿನ ದಿನ ಸಂಜೆ ಒಂದು ಬೇಸಿಗೆ ಮಳೆ ಬಿದ್ದಿತ್ತು. ನಾನು ಕೊಡವಿದ ಕರೀ ಪುಡಿ ಅಲ್ಲಿ ಇರಲೇ ಇಲ್ಲ. ಅದು ಬಿದ್ದ ಜಾಗದಲ್ಲೆಲ್ಲ ಮಖಮಲ್ ಬಟ್ಟೆಯನ್ನು ಕತ್ತರಿಸಿ ಚೆಲ್ಲಿದ ಹಾಗೆ ಹಸಿರು ಚೂರುಗಳು.

ಮೇಷ್ಟ್ರು ಬೈಯುವುದನ್ನು ಮರೆತರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮಣ್ಣಿನಲ್ಲಿ ಮಂಡಿಯೂರಿದರು. "ಬನ್ನಿ ಬನ್ನಿ, ಇಲ್ಲಿ ಕೂತ್ಕೊಂಡು ನೋಡಿ" ಎಂದು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ನೋಡಿದೆ. ಪುಟ್ಟ ಪುಟ್ಟ ಗಿಡಗಳು. ಒಂದೊಂದಕ್ಕೂ ಸುತ್ತ ಎಲೆ, ನಡುವೆ ಸುಳಿ. ಅಷ್ಟು ದಿನ ಬಚ್ಚಲ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ತೆಗೆಯುತ್ತಿದ್ದ ಹಾವಸೆಗೆ ಎಲೆಯಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

"ಇದಕ್ಕೆ ಬೇರಿಲ್ಲ ರತ್ನಮ್ಮನವರೇ. ಬಂಡೆಯನ್ನ ಹಿಡಿದುಕೊಳ್ಳೋಕೆ ಕೂದಲಿನಂಥ ನೂಲು ಮಾತ್ರ ಇರುತ್ತೆ. ನೀರು ಕುಡಿಯೋದು ಎಲೆಯಿಂದಲೇ. ನೀರಿಲ್ಲ ಅಂದ್ರೆ ಎಲೆ ಮುದುರಿಕೊಂಡು, ಕೆಲಸ ಎಲ್ಲ ನಿಲ್ಲಿಸಿ ಸುಮ್ಮನಿರುತ್ತೆ. ತಿಂಗಳುಗಟ್ಟಲೆ. ಕೆಲವು ವರ್ಷಗಟ್ಟಲೆ."

ನನಗೆ ಉಸಿರು ಬಂತು. "ಹಾಗಾದ್ರೆ ಏನೂ ಹಾಳಾಗಿಲ್ಲ ಅಲ್ವಾ ಸಾರ್?"

ಮೇಷ್ಟ್ರು ಎದ್ದು ಮಂಡಿಯ ಮಣ್ಣು ಕೊಡವಿಕೊಂಡರು. "ಗಿಡ ಇದೆ. ಆದರೆ ಯಾವುದು ಹುಲಿಕೆರೆದು, ಯಾವುದು ಜಾವಗಲ್ಲಿನದು, ಯಾವುದು ಗೆಂಡೆಹಳ್ಳಿದು, ಈಗ ಹೇಗೆ ಹೇಳೋದು? ಅದು ಪೇಪರಿನ ಮೇಲೆ ಬರೆದಿತ್ತು."

ಪೇಪರು ಒಲೆಗೆ ಹೋಗಿ ಮೂರು ದಿನವಾಗಿತ್ತು. ಅಲ್ಲಿಯೇ ಅತ್ತುಬಿಟ್ಟೆ. ಮೇಷ್ಟ್ರು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. "ಭಾನುವಾರ ಬಿಡುವಿದೆಯಾ?" ಎಂದು ಕೇಳಿದರು. ಮತ್ತೆ ಹೋಗಿ ಎಲ್ಲವನ್ನೂ ತರಬೇಕು, ನೀವೂ ಬರಬೇಕು ಎಂದರು. ಶಿಕ್ಷೆ ಎಂದುಕೊಂಡು ಒಪ್ಪಿದೆ. ಅದು ಶಿಕ್ಷೆಯಲ್ಲ ಎಂದು ತಿಳಿಯಲು ಒಂದೇ ಭಾನುವಾರ ಸಾಕಾಯಿತು.

ಒಂದು ಮಾತು ಮರೆಯುವ ಮೊದಲು ಹೇಳುತ್ತೇನೆ. ಬೇವಿನ ಮರದ ಕೆಳಗೆ ಹಸಿರಾದ ಚೂರುಗಳನ್ನು ನಾವು ಒಂದು ತಟ್ಟೆಗೆ ಹಾಕಿ ನೀರು ಚಿಮುಕಿಸುತ್ತಿದ್ದೆವು. ಮೂರು ವಾರದ ಮೇಲೆ ಕೆಲವು ಹೊಸ ಸುಳಿ ಬಿಟ್ಟವು. ಇನ್ನು ಕೆಲವು ಕಂದಾಗಿ ಕೊಳೆತವು. ನೆನೆದರೆ ಸತ್ತದ್ದೂ ಒಂದು ದಿನ ಹಸಿರು ಕಾಣುತ್ತದೆ, ಸುಳಿ ಬಿಡುವವರೆಗೂ ಕಾದು ನೋಡಿ ಜೀವ ಇದೆ ಅನ್ನಿ ಎಂದು ಮೇಷ್ಟ್ರು ಹೇಳಿದರು. ಸುಮಾ, ಪೊಟ್ಟಣದಲ್ಲಿರುವುದು ಜೀವಂತ ಎಂದು ನಾನು ಫೋನಿನಲ್ಲಿ ಕೂಗಿದೆನಲ್ಲ, ಅದೂ ಅರ್ಧ ನಿಜವೇ. ಕೆಲವು ಬದುಕಿರಬಹುದು, ಕೆಲವು ಇಲ್ಲದಿರಬಹುದು. ಆದರೆ ಪೊಟ್ಟಣದ ಮೇಲೆ ಬರೆದ ಊರು, ಬಂಡೆ, ತಾರೀಖು, ಅವು ಮಾತ್ರ ಹೋದರೆ ಮತ್ತೆ ಬರುವುದಿಲ್ಲ.

ಮೇಷ್ಟ್ರಿಗೆ ಮಂಡಿ ನೋವು ಹೆಚ್ಚಾದ ಮೇಲೆ ಬಂಡೆ ಹತ್ತುವುದು ನನ್ನೊಬ್ಬಳ ಪಾಲಿಗೆ ಬಂತು. ಬಸ್ಸಿಳಿದು ಮೈಲಿಗಟ್ಟಲೆ ನಡೆಯುವುದನ್ನು ನೋಡಲಾರದೆ ನಮ್ಮ ಯಜಮಾನರು ಮಂಜಣ್ಣ ತಮ್ಮ ಟಿವಿಎಸ್ಸು ಹೊರಡಿಸಿದರು. ದುಡಿಮೆಗೆ ಅವರದು ಬೇರೆ ಲಗೇಜ್ ಆಟೋ, ವಾರವಿಡೀ ಮಂಡಿಗೆ ತೆಂಗಿನಕಾಯಿ ಸಾಗಿಸುವ ಕೆಲಸ. ಭಾನುವಾರ ಮಲಗೋಣವೆಂದರೆ ಹೆಂಡತಿ ಬಂಡೆಗೆ ಕರೆಯುತ್ತಾಳೆ. "ಬೇರೇವ್ರು ಹೆಂಡ್ತೀನ ಬೇಲೂರು ಹಳೇಬೀಡಿಗೆ ಕರ್ಕೊಂಡ್ಹೋದ್ರೆ ದೇವಸ್ಥಾನ ನೋಡ್ತಾರೆ. ನಾನು ಕರ್ಕೊಂಡ್ಹೋದ್ರೆ ದೇವಸ್ಥಾನ ದಾಟ್ಕೊಂಡು ಮುಂದಿನ ಬಂಡೆ ತಾವ ನಿಲ್ಸು ಅಂತಾಳೆ" ಎಂದು ಎಲ್ಲರ ಮುಂದೆ ಹೇಳಿ ನಗುತ್ತಿದ್ದರು. ಆದರೆ ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತುವಾಗ ಕೆಳಗೆ ನಿಂತು ಎರಡೂ ಕೈ ಚಾಚಿಕೊಂಡಿರುತ್ತಿದ್ದವರೂ ಅವರೇ.

ಗೆಂಡೆಹಳ್ಳಿಯ ಆಚೆ ಒಂದು ಬೋಳು ಬಂಡೆಯಿದೆ. ಒಂದು ಬೇಸಿಗೆಯಲ್ಲಿ ಅದರ ಮೇಲೆ ಕೂತು ಚಿಕ್ಕ ಚಾಕುವಿನಿಂದ ಹಾವಸೆ ಬಿಡಿಸುತ್ತಿದ್ದೆ. ಆಡು ಮೇಯಿಸುತ್ತಿದ್ದ ಒಬ್ಬ ಅಜ್ಜಿ ಕೆಳಗಿನಿಂದ ಬಹಳ ಹೊತ್ತು ನೋಡಿ ಹತ್ತಿರ ಬಂದಳು. ಹೆಸರು ಕೆಂಚಮ್ಮ.

"ಏನವ್ವ, ಬಂಡೆ ಕೆರೀತಾ ಕುಂತಿದ್ದೀಯ? ಚಿನ್ನ ಗಿನ್ನ ಐತಾ?"

"ಹಾವಸೆ ಕಣಜ್ಜಿ. ಕಾಲೇಜು ಹುಡುಗ್ರಿಗೆ ತೋರ್ಸಕ್ಕೆ."

"ಹಾವಸೆ ನೋಡಾಕೆ ಕಾಲೇಜ್ಯಾಕೆ? ನಮ್ಮನೆ ಬಚ್ಚಲಿಗೆ ಬರಾಕೇಳು."

"ಇದು ನೀರಿಲ್ದಿದ್ರೂ ಬದುಕೋ ಹಾವಸೆ ಅಜ್ಜಿ."

"ಆಡು ತಿಂತದಾ?"

"ಇಲ್ಲ."

"ಔಸ್ದಿಗೆ ಆಯ್ತದಾ?"

"ನಂಗೊತ್ತಿಲ್ಲ."

"ಮತ್ಯಾಕೆ ಬಿಸ್ಲಲ್ಲಿ ಬೇಯ್ತಿದ್ದೀಯ ತಾಯಿ!"

ಮಾತಿನಲ್ಲಿ ಗೆಲ್ಲುವುದಿಲ್ಲವೆಂದು ಗೊತ್ತಾಯಿತು. ಬಾಟಲಿಯಿಂದ ನಾಲ್ಕು ಹನಿ ನೀರು ಬಂಡೆಯ ಮೇಲೆ ಬಿಟ್ಟು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ಹೇಗೆ ಕಣ್ಣಿನ ಹತ್ತಿರ ಹಿಡಿಯಬೇಕೆಂದು ತೋರಿಸಿದೆ. ಕೆಂಚಮ್ಮ ಬೊಗ್ಗಿದಳು. ಮುದುರಿದ ಎಲೆಗಳು ಒಂದೊಂದಾಗಿ ಹೊರಳಿ ಬಿಚ್ಚಿಕೊಳ್ಳುವುದು ಅವಳ ಕಣ್ಣಿಗೆ ಬಿದ್ದಿರಬೇಕು.

"ಅವ್ವಯ್ಯಾ! ಇದೇನೇ ಇದು, ತೆಂಗಿನ ತೋಟ ಇದ್ದಂಗೈತೆ! ಅಲ್ಲಾಡ್ತಾ ಐತಲ್ಲೇ!" ಎಂದು ಕೂಗಿದಳು. ತಲೆಯೆತ್ತಲೇ ಇಲ್ಲ. ಆಡುಗಳು ಯಾರದೋ ಹುರುಳಿ ಹೊಲಕ್ಕೆ ನುಗ್ಗಿ, ನಮ್ಮ ಯಜಮಾನರು ಓಡಿ ಹೋಗಿ ಅಟ್ಟಿಕೊಂಡು ಬರಬೇಕಾಯಿತು. ಬಹಳ ಹೊತ್ತಿನ ಮೇಲೆ ಕೇಳಿದಳು. "ಇಷ್ಟು ದೊಡ್ಡ ತೋಟಕ್ಕೆ ನೀರು ಹಾಯ್ಸೋರು ಯಾರೇ?"

ಆ ಪ್ರಶ್ನೆಗೆ ಅವಳೇ ಉತ್ತರವನ್ನೂ ತೋರಿಸಿದಳು. ನನ್ನ ಕೈ ಹಿಡಿದುಕೊಂಡು ಬಂಡೆಯ ಬಡಗಣ ಮಗ್ಗುಲಿಗೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಬಂಡೆಗಳ ನಡುವೆ ಒಂದು ಸೀಳು. "ಮ್ಯಾಗಡೇದು ಬಿಸ್ಲಿಗೆ ಸೀದೋಯ್ತದೆ. ಇಲ್ಲಿ ಬಿಸ್ಲು ಬೀಳಾಕಿಲ್ಲ. ಬೆಳಿಗ್ಗೆ ಮಂಜು ಇಳಿದ್ರೆ ಇದು ಹಸ್ರಾಗಿರ್ತದೆ, ಹೊತ್ತೇರಿದ್ರೆ ಕಪ್ಪು. ನಾನು ದಿನಾ ನೋಡ್ತೀನಿ. ಗಿಡ ಅಂತ ಗೊತ್ತಿರ್ನಿಲ್ಲ." ಸೀಳಿನ ಒಳಗೆ ಹಾವಸೆ ದಪ್ಪಗೆ ಬೆಳೆದಿತ್ತು. ಎಳೆಗೂದಲಿನಂಥ ತೊಟ್ಟುಗಳ ತುದಿಯಲ್ಲಿ ಕಾಯಿಗಳೂ ಇದ್ದವು. ಕಾಯಿಯಿರುವ ಹಾವಸೆ ಬೇಸಿಗೆಯಲ್ಲಿ ಸಿಗುವುದು ಎಷ್ಟು ಕಷ್ಟ ಎನ್ನುವುದು ಹುಡುಕಿದವರಿಗೇ ಗೊತ್ತು. ಎಲ್ಲಿ ಸಿಗುತ್ತದೆ ಎಂದು ಓದಿದವರನ್ನು ಮಾತ್ರ ಕೇಳಬೇಡ ಸುಮಾ. ಅಲ್ಲಿ ದಿನವೂ ಓಡಾಡುವವರನ್ನು ಕೇಳು.

ಎಲ್ಲ ಕಡೆಯೂ ಹೀಗೆ ಹೊಗಳಿಸಿಕೊಂಡು ಬಂದೆ ಎಂದುಕೊಳ್ಳಬೇಡ. ಹುಲಿಕೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹಳೆಯ ಕೊಳವಿದೆ. ಅದರ ಒಂದು ಮೆಟ್ಟಿಲ ಅಂಚಿನಲ್ಲಿ ಬೆಳ್ಳಿಯಂತೆ ಹೊಳೆಯುವ ಹಾವಸೆ ಕಂಡು ಆಸೆ ತಡೆಯದೆ ಚಾಕು ಹಾಕಿದೆ. ಆ ಕಲ್ಲು ಮೆದು. ನಮ್ಮ ಬೋಳು ಬಂಡೆಗಳ ಹಾಗಲ್ಲ. ಚಾಕು ಜಾರಿ ಉದ್ದಕ್ಕೆ ಒಂದು ಬಿಳೀ ಗೀರು ಎದ್ದಿತು. ಮೇಲೆ ನಿಂತಿದ್ದ ಊರಿನ ಹಿರಿಯರೊಬ್ಬರು ಕೂಗಿದರು. "ಏನಮ್ಮ, ಓದಿದೋರಂಗೆ ಕಾಣ್ತೀರಿ, ರಾಜ್ರ ಕಾಲದ ಕಲ್ಲಿಗೆ ಚಾಕು ಹಾಕ್ತೀರಲ್ಲ!" ನಾನು ಓದಿದವಳಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ. ತಪ್ಪಾಯಿತು ಎಂದು ಕೈ ಮುಗಿದು ಬಂದೆ. ಅವತ್ತಿನಿಂದ ಕೊಳ, ಗುಡಿ, ಬಸದಿ, ವೀರಗಲ್ಲು, ಮನುಷ್ಯರ ಕೈ ತಾಗಿದ ಯಾವ ಕಲ್ಲಿನಿಂದಲೂ ನಾನು ಏನನ್ನೂ ತೆಗೆದಿಲ್ಲ. ಬೋಳು ಬಂಡೆಯಿಂದ ತೆಗೆದರೂ ಹೆಬ್ಬೆರಳ ಉಗುರಿನಷ್ಟು. ಅಷ್ಟು ಬೆಳೆಯಲು ಅದಕ್ಕೆ ಎಷ್ಟು ಮಳೆಗಾಲ ಬೇಕೋ. ಈಚೆಗೆ ಹುಲಿಕೆರೆಗೆ ಹೋದಾಗಲೂ ಆ ಗೀರು ಕಂಡಿತು. ಮಾಸಿದೆ, ಆದರೆ ಇದೆ.

ಮೇಷ್ಟ್ರು ನಿವೃತ್ತರಾದರು. ಒಂದೆರಡು ವರ್ಷ ಯಾರು ಯಾರೋ ಬಂದು ಹೋದರು. ಆಮೇಲೆ ನಂದಿನಿ ಮೇಡಂ ಬಂದರು. ಅತಿಥಿ ಉಪನ್ಯಾಸಕಿ, ಅಂದರೆ ವರ್ಷ ವರ್ಷವೂ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಮೈಸೂರಿನಲ್ಲಿ ಓದಿ ನೇರವಾಗಿ ಬಂದಿದ್ದರು. ಬಹಳ ಬುದ್ಧಿವಂತೆ, ಅದಕ್ಕಿಂತ ಹೆಚ್ಚು ಹೆದರುಪುಕ್ಕಲಿ. ನನ್ನ ಪೊಟ್ಟಣಗಳನ್ನು ನೋಡಿ "ಇವೆಲ್ಲ ಇನ್ನೂ ಬೇಕಾ ರತ್ನಮ್ಮ?" ಎಂದಿದ್ದರು. ನಾನು ಉತ್ತರ ಕೊಡದೆ ಬೀಗ ಹಾಕಿದ್ದೆ.

ಅವರು ಬಂದ ಮೊದಲ ವರ್ಷವೇ ಒಂದು ಪರೀಕ್ಷೆಯಲ್ಲಿ ಸಿಕ್ಕಿಕೊಂಡರು. ಏಪ್ರಿಲ್ ತಿಂಗಳು, ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ದಿನ. ಗುರುತಿಸುವುದಕ್ಕೆಂದು ಮೇಜಿನ ಮೇಲೆ ಇಡಬೇಕಾದ ಮಾದರಿಗಳ ಪಟ್ಟಿಯಲ್ಲಿ ಕಾಯಿಯಿರುವ ಹಾವಸೆ ಕಡ್ಡಾಯ. ಜಾಡಿಯಲ್ಲಿದ್ದ ಹಳೆಯದು ಕೊಳೆತು ಲೋಳೆಯಾಗಿತ್ತು. ಹೊರಗಿನಿಂದ ತರಿಸಿದ ಪಾರ್ಸಲ್ ಬರಲೇ ಇಲ್ಲ. ಬೀರುವಿನ ಪೊಟ್ಟಣಗಳಲ್ಲಿ ಕಾಯಿಗಳೆಲ್ಲ ಉದುರಿ ಹೋಗಿದ್ದವು. ಅರಸೀಕೆರೆಯ ಬಿಸಿಲಿನಲ್ಲಿ ಹಸಿ ಹಾವಸೆ ಎಲ್ಲಿಂದ ಬರಬೇಕು? ನಂದಿನಿ ಮೇಡಂ ಲ್ಯಾಬಿನ ಮೂಲೆಯಲ್ಲಿ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಪರೀಕ್ಷೆಯಲ್ಲಿ ಏನಾದ್ರೂ ಯಡವಟ್ಟಾದ್ರೆ ಮುಂದಿನ ವರ್ಷ ಕರೆಯೋದು ಕಷ್ಟ ಅಂತ ಪ್ರಿನ್ಸಿಪಾಲರು ಮೊದಲೇ ಹೇಳಿದ್ದಾರೆ. ನಾನು ಊರಿಗೆ ಏನಂತ ಹೇಳಿ ಹೋಗ್ಲಿ ರತ್ನಮ್ಮ?"

"ನಾಳೆ ಒಂದು ದಿನ ರಜೆ ಕೊಡಿ ಮೇಡಂ. ತರ್ತೀನಿ."

"ಈ ಬಿಸಿಲಲ್ಲಾ? ಎಲ್ಲಾ ಸತ್ತು ಹೋಗಿರುತ್ತೆ."

"ಸತ್ತಿರಲ್ಲ, ಮುದುರ್ಕೊಂಡಿರುತ್ತೆ."

ಯಜಮಾನರಿಗೆ ಮಾರನೇ ದಿನ ಮಂಡಿಗೆ ಎರಡು ಲೋಡು ಇತ್ತು. ತಲೆ ಕೆರೆದುಕೊಂಡು, "ಆ ಮಗೂನ ಕೆಲ್ಸದ ವಿಷ್ಯ ಅಂತೀಯ, ನಡಿ" ಎಂದು ಟಿವಿಎಸ್ಸು ತೆಗೆದರು. ಗೆಂಡೆಹಳ್ಳಿಯ ಆಚೆಯ ಬಂಡೆ ಕಾಯಿಸಿದ ಕಾವಲಿಯಂತಿತ್ತು. ಕೆಂಚಮ್ಮ ತೋರಿಸಿದ ಬಡಗಣ ಸೀಳಿಗೆ ಕೈ ಹಾಕಿದೆ. ಇತ್ತು! ಕಪ್ಪಗೆ ಒಣಗಿ, ಮುಟ್ಟಿದರೆ ಕುರುಕುರು ಎನ್ನುತ್ತಿತ್ತು. ಕಾಯಿಗಳು ಹಾಗೇ ನಿಂತಿದ್ದವು. ಅಲ್ಲಲ್ಲಿ ಉಗುರಿನಷ್ಟು ಉಗುರಿನಷ್ಟೇ ಬಿಡಿಸಿ, ಬೆಂಕಿಪೊಟ್ಟಣವೊಂದು ತುಂಬುವಷ್ಟು ಮಾತ್ರ ತೆಗೆದು, ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದೆ.

ಪರೀಕ್ಷೆಯ ದಿನ ಬೆಳಿಗ್ಗೆ ಅದಕ್ಕೆ ನೀರು ಹನಿಸಿ, ಗಾಜಿನ ತಟ್ಟೆಯಲ್ಲಿ ಹರಡಿ, ಐದನೇ ನಂಬರಿನ ಚೀಟಿ ಅಂಟಿಸಿ ಇಟ್ಟೆವು. ಹಸಿರೆಂದರೆ ಹಸಿರು. ನಂದಿನಿ ಮೇಡಂ ನನ್ನ ಕೈ ಹಿಡಿದು ಅದುಮಿದರು. ಹೊರಗಿನಿಂದ ಬಂದ ಪರೀಕ್ಷಕರು ಹಿರಿಯರು, ಗಂಭೀರ ಮುಖ. ಬಂದವರೇ "ಎಷ್ಟು ಸೆಕೆ ರೀ ನಿಮ್ಮೂರಲ್ಲಿ" ಎಂದು ಎಲ್ಲ ಫ್ಯಾನುಗಳನ್ನೂ ಹಾಕಿಸಿದರು. ನಾನು ಸ್ಲೈಡು ತೊಳೆಯಲು ಒಳಗೆ ಹೋದೆ. ಅದೇ ನನ್ನ ತಪ್ಪು.

ಒಂದು ಗಂಟೆಯ ಮೇಲೆ ಒಳಗೆ ಕೂತಿದ್ದವಳಿಗೆ ಪರೀಕ್ಷಕರ ಧ್ವನಿ ಕೇಳಿಸಿತು.

"ಏನ್ ಮೇಡಂ ಇದು? ಒಬ್ಬ ಟೀ ಪುಡಿ ಅಂತ ಬರೆದಿದ್ದಾನೆ. ಇನ್ನೊಬ್ಬಳು ಸುಟ್ಟ ತೆಂಗಿನ ನಾರು ಅಂತಾಳೆ. ನೋಡಿದ್ರೆ ನನಗೂ ಹಾಗೇ ಕಾಣ್ಸುತ್ತೆ. ಮಕ್ಕಳ ತಪ್ಪಲ್ಲ. ಹಾವಸೆ ಕೇಳಿದ್ರೆ ನೀವು ಒಲೆ ಬೂದಿ ಇಟ್ಟಿದ್ದೀರಲ್ಲ!"

ಓಡಿ ಬಂದೆ. ಐದನೇ ನಂಬರು ನೇರವಾಗಿ ಫ್ಯಾನಿನ ಕೆಳಗೆ. ಪೂರ್ತಿ ಒಣಗಿ ಮತ್ತೆ ಕಪ್ಪಾಗಿತ್ತು. ನಂದಿನಿ ಮೇಡಂ ತಟ್ಟೆಯನ್ನೇ ಆಚೀಚೆ ತಿರುಗಿಸುತ್ತಿದ್ದರು. ಪರೀಕ್ಷಕರು ಪೆನ್ನು ತೆಗೆದು ಏನೋ ಬರೆಯಲು ಹೊರಟಿದ್ದರು. ಪರೀಕ್ಷೆ ನಡೆಯುವಾಗ ಅಟೆಂಡರು ಮಾತಾಡಬಾರದು. ನಾನು ಹತ್ತು ವರ್ಷ ಮಾತಾಡಿರಲಿಲ್ಲ.

"ಒಂದ್ ನಿಮಿಷ ಸಾರ್" ಎಂದೆ.

ಎಲ್ಲರೂ ತಿರುಗಿದರು. ನಾನು ಡ್ರಾಪರಿನಲ್ಲಿ ನೀರು ತೆಗೆದುಕೊಂಡು ತಟ್ಟೆಗೆ ನಾಲ್ಕು ಹನಿ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಪ್ಪಿನ ಅಂಚಿನಲ್ಲಿ ಒಂದು ಎಳೆ ಹಸಿರು ಕಂಡಿತು. ಅದು ಒಳಕ್ಕೆ ಹರಡಿತು. ನೋಡ ನೋಡುತ್ತ ತಟ್ಟೆ ತುಂಬ ಎಲೆಗಳು ಬಿಚ್ಚಿಕೊಂಡವು. ಯಾವನೋ ಹುಡುಗ "ಲೋ!" ಎಂದ.

ಪರೀಕ್ಷಕರು ಪೆನ್ನು ಜೇಬಿಗಿಟ್ಟರು. "ಇನ್ನೊಂದು ಹನಿ ಹಾಕಮ್ಮ" ಎಂದರು. ಹಾಕಿದೆ. ಧೈರ್ಯ ಬಂತು. ಇನ್ನೂ ಒಣಗಿದ್ದ ಒಂದು ಕಾಯಿಯನ್ನು ಮೈಕ್ರೋಸ್ಕೋಪಿಗೆ ಇಟ್ಟೆ. "ಇದರ ಬಾಯಿ ಸುತ್ತ ಹಲ್ಲುಗಳಿವೆ ಸಾರ್. ನೋಡ್ತಾ ಇದ್ದಹಾಗೇ ಅದರ ಮೇಲೆ ಮೆಲ್ಲಗೆ ಉಸಿರು ಬಿಡಿ."

ಅಷ್ಟು ದೊಡ್ಡವರಿಗೆ ಉಸಿರು ಬಿಡಿ ಎಂದು ಹೇಳಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಅವರು ಬೊಗ್ಗಿ, ಕೆನ್ನೆ ಉಬ್ಬಿಸಿ, ಉಫ್ ಎಂದರು. ಉಸಿರಿನ ತೇವಕ್ಕೆ ಹಲ್ಲುಗಳು ಒಳಕ್ಕೆ ಬಾಗಿದವು. ಒಣಗಿದಾಗ ಮತ್ತೆ ಹೊರಕ್ಕೆ ಬಂದವು. ಮತ್ತೆ ಉಫ್ ಎಂದರು. ಮೂರನೇ ಸಲ ಉಫ್ ಎಂದಾಗ ಅವರ ಮುಖದಲ್ಲಿ ಹತ್ತು ವರ್ಷದ ಹುಡುಗನ ನಗು ಬಂದಿತ್ತು.

"ಇಪ್ಪತ್ತು ವರ್ಷದಿಂದ ಇದನ್ನ ಪುಸ್ತಕದಲ್ಲಿ ತೋರಿಸಿ ಪಾಠ ಮಾಡ್ತಿದ್ದೀನಿ ಮೇಡಂ. ಕಣ್ಣಲ್ಲಿ ನೋಡಿದ್ದು ಇವತ್ತೇ" ಎಂದು ನಂದಿನಿ ಮೇಡಂಗೆ ಹೇಳಿದರು. ಪರೀಕ್ಷೆ ನಿಲ್ಲಿಸಿ ಮಕ್ಕಳನ್ನೆಲ್ಲ ಸಾಲಾಗಿ ಕರೆದು ಒಬ್ಬೊಬ್ಬರಿಂದಲೂ ಉಸಿರು ಬಿಡಿಸಿದರು. ಐದನೇ ನಂಬರಿಗೆ ಎಲ್ಲರೂ ಹೊಸದಾಗಿ ಉತ್ತರ ಬರೆಯಬೇಕೆಂದರು. ಹೊರಡುವಾಗ ನನ್ನಿಂದ ಒಂದು ಪೊಟ್ಟಣ ಕೇಳಿ ಪಡೆದರು. ಅದರ ಮೇಲೆ ಗೆಂಡೆಹಳ್ಳಿ, ಬಡಗಣ ಸೀಳು ಎಂದು ಬರೆದು ಕೊಟ್ಟೆ.

ವರದಿಯಲ್ಲಿ ಏನು ಬರೆದರೋ ನನಗೆ ಗೊತ್ತಿಲ್ಲ. ಜೂನ್ ತಿಂಗಳಲ್ಲಿ ಕಾಲೇಜು ತೆರೆದಾಗ ನಂದಿನಿ ಮೇಡಂ ಅದೇ ಕುರ್ಚಿಯಲ್ಲಿ ಕೂತಿದ್ದರು. ಬೀರುವಿನ ಬೀಗದ ಕೈ ಕೇಳಿ, ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು, ನನ್ನ ಜೊತೆ ಕೂತು ಪಟ್ಟಿ ಮಾಡಿದರು. ಸುಮಾ, ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಪರೀಕ್ಷೆಯ ದಿನ ಕಾಲು ಗಂಟೆಗೊಮ್ಮೆ ಐದನೇ ನಂಬರಿಗೆ ಚಿಮುಕಿಸು. ಫ್ಯಾನಿನ ಕೆಳಗೆ ಇಡಬೇಡ.

ಆಮೇಲೆ ಕಾಲ ಬದಲಾಯಿತು. ಸಿದ್ಧ ಸ್ಲೈಡುಗಳು ಪೆಟ್ಟಿಗೆಯಲ್ಲಿ ಬಂದವು. ಗೋಡೆಯ ಮೇಲೆ ಚಿತ್ರ ಬಿಡುವ ಪ್ರೊಜೆಕ್ಟರು ಬಂತು. ಇನ್ನು ಪಾಠಕ್ಕೆ ಗಿಡ ಕಿತ್ತು ತರುವುದು ಬೇಡ, ಚಿತ್ರ ತೋರಿಸಿದರೆ ಸಾಕು, ಪರೀಕ್ಷೆಯ ದಿನಕ್ಕೆ ಒಂದು ಚೂರು ತಂದರಾಯಿತು ಎಂದು ಮೇಲಿನವರು ಹೇಳಿದರು. ನನಗೆ ಬಹಳ ಸಿಟ್ಟು. ಬಂಡೆಗೆ ಹೋಗುವುದು ತಪ್ಪಿತಲ್ಲ ಎಂದು ಒಂದು ವರ್ಷ ಮುಖ ಊದಿಸಿಕೊಂಡೇ ಪರದೆ ಇಳಿಸಿದೆ. ಒಂದು ದಿನ ಒಬ್ಬ ಹುಡುಗಿ ತನ್ನ ಫೋನಿಗೆ ಕ್ಲಿಪ್ಪು ಹಾಕುವ ಚಿಕ್ಕ ಲೆನ್ಸು ತಂದು, "ಅಕ್ಕ, ಇದ್ರಲ್ಲಿ ನೋಡಿ" ಎಂದಳು. ಎಲೆ ಬಿಚ್ಚಿಕೊಳ್ಳುವುದು ಅದರಲ್ಲಿ ವಿಡಿಯೋ ಆಗುತ್ತಿತ್ತು! ಮೇಷ್ಟ್ರ ಭೂತಗನ್ನಡಿಯಲ್ಲಿ ಒಂದು ಸಲಕ್ಕೆ ಒಂದು ಕಣ್ಣು. ಇದರಲ್ಲಿ ಇಡೀ ತರಗತಿ ಒಟ್ಟಿಗೆ ನೋಡಬಹುದು. ಅದಕ್ಕಿಂತ ದೊಡ್ಡ ಲಾಭ, ಪಾಠಕ್ಕೆಂದು ಬಂಡೆಯಿಂದ ಏನನ್ನೂ ಕೀಳಬೇಕಾಗಿಲ್ಲ. ನಾನೂ ಒಂದು ಲೆನ್ಸು ತರಿಸಿಕೊಂಡೆ. ನಮ್ಮ ಯಜಮಾನರು ವಿಡಿಯೋ ಹಿಡಿಯುವುದರಲ್ಲಿ ನನಗಿಂತ ಜಾಣರಾದರು. ಮಂಡಿಯಲ್ಲಿ ಕಾಯಿ ಇಳಿಸುವವರಿಗೆಲ್ಲ "ನಮ್ಮನೆಯೋಳ ತೋಟ" ಎಂದು ತೋರಿಸಿಕೊಂಡು ತಿರುಗುತ್ತಾರೆ. ಹೊಸದು ಬಂದಾಗ ನನ್ನ ಹಾಗೆ ಒಂದು ವರ್ಷ ಹಾಳು ಮಾಡಿಕೊಳ್ಳಬೇಡ.

ನನ್ನ ಕೊನೆಯ ದಿನ ಫೆಬ್ರವರಿ ತಿಂಗಳ ಕಡೆಯಲ್ಲಿ ಬಂತು. ಹಾರ, ಶಾಲು, ಮೈಸೂರು ಪಾಕು ಮಧ್ಯಾಹ್ನಕ್ಕೆ ಇತ್ತು. ಬೆಳಿಗ್ಗೆ ಮೊದಲ ಗಂಟೆಗೇ ನಂದಿನಿ ಮೇಡಂ ಲ್ಯಾಬಿಗೆ ಬಂದರು. ಅಷ್ಟರಲ್ಲಿ ಖಾಯಂ ಆಗಿ ಅವರೇ ವಿಭಾಗದ ಮುಖ್ಯಸ್ಥೆಯಾಗಿದ್ದರು, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿಗೂದಲು.

"ರತ್ನಮ್ಮ, ಇವತ್ತು ಮೊದಲನೇ ಪಿರಿಯಡ್ ನೀವು ತಗೋಬೇಕು."

"ಏನು ತಗೋಬೇಕು ಮೇಡಂ? ಮೈಕ್ರೋಸ್ಕೋಪಾ?"

"ಪಾಠ."

ನಾನು ನಕ್ಕೆ. ಅವರು ನಗಲಿಲ್ಲ. ಮೂವತ್ತು ವರ್ಷ ಆ ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಮುಂದಿನ ಕಪ್ಪು ಹಲಗೆಯ ಹತ್ತಿರ ಒರೆಸಲು ಮಾತ್ರ ಹೋಗಿದ್ದೆ. ಪಿಯುಸಿಗೇ ಓದು ನಿಲ್ಲಿಸಿದವಳು ಡಿಗ್ರಿ ಮಕ್ಕಳಿಗೆ ಏನು ಹೇಳಲಿ? ಬೇಡ ಮೇಡಂ ಎಂದೆ. ನಾನು ಹಿಂದೆ ನಿಂತಿರುತ್ತೇನೆ, ನಡೀರಿ ಎಂದರು.

ಮಕ್ಕಳ ಮುಂದೆ ಹೋಗಿ ಅಭ್ಯಾಸದಂತೆ ಮೊದಲು ಹಲಗೆ ಒರೆಸಿದೆ. ಕೊನೆಗೆ, "ಎಲ್ರೂ ನೀರಿನ ಬಾಟ್ಲಿ ತಗೊಂಡು ನನ್ ಜೊತೆ ಬನ್ನಿ" ಎಂದುಬಿಟ್ಟೆ.

ಕಾಲೇಜಿನ ಮೈದಾನದ ಆಚೆ ಒಂದು ಚಪ್ಪಟೆ ಬಂಡೆಯಿದೆ. ಹುಡುಗರು ಊಟದ ಡಬ್ಬಿ ಬಿಚ್ಚುವುದು ಅದರ ಮೇಲೆಯೇ. ಮಳೆ ಕಂಡು ಮೂರು ತಿಂಗಳಾಗಿತ್ತು. ಬಿಸಿಲು ಇನ್ನೂ ಏರಿರಲಿಲ್ಲ, ಕಲ್ಲು ತಣ್ಣಗಿತ್ತು. ಬಂಡೆಯ ಮೇಲೆಲ್ಲ ಕರೀ ಕಲೆ.

"ಇಲ್ಲಿ ಎಷ್ಟು ಗಿಡ ಇದಾವೆ, ಹೇಳಿ."

"ಒಂದೂ ಇಲ್ಲ ಅಕ್ಕ" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

"ನಿಧಾನವಾಗಿ ನೀರು ಹಾಕಿ. ಒಂದೇ ಕಡೆ ಸುರೀಬೇಡಿ. ಕುಡಿಯಕ್ಕೆ ಒಂದ್ ಗುಟುಕು ಇಟ್ಕೊಳ್ಳಿ."

ಮೂವತ್ತು ಬಾಟಲಿಗಳ ನೀರು ಬಂಡೆಯ ಮೇಲೆ ಇಳಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ನೂರು ಸಲ ನೋಡಿದ್ದರೂ, ಈ ಸಲ ಕೈ ಕೊಟ್ಟರೆ ಎಂಬ ಭಯ. ಯಾರೋ ಒಬ್ಬಳು ಕಿರುಚಿದ್ದು ಕೇಳಿತು. ಕಣ್ಣು ಬಿಟ್ಟಾಗ ಬಂಡೆ ಒಂದು ಅಂಚಿನಿಂದ ಹಸಿರಾಗುತ್ತ ಬರುತ್ತಿತ್ತು. ಮಕ್ಕಳು ಹಿಂದೆ ಹಿಂದೆ ಸರಿದರು, ತುಳಿಯಬಾರದೆಂದು ಒಬ್ಬರನ್ನೊಬ್ಬರು ಎಳೆದರು. ಆಮೇಲೆ ಎಲ್ಲರೂ ಬೋರಲು ಮಲಗಿ ಫೋನು ಹಿಡಿದರು. ಪ್ರಶ್ನೆಗಳ ಮೇಲೆ ಪ್ರಶ್ನೆ. ಗೊತ್ತಿದ್ದಕ್ಕೆ ಉತ್ತರ ಹೇಳಿದೆ. "ಈ ಗಿಡಕ್ಕೆ ವಯಸ್ಸೆಷ್ಟು ಅಕ್ಕ?" ಎಂದು ಒಬ್ಬ ಕೇಳಿದ. ನನಗೆ ಗೊತ್ತಿಲ್ಲ, ನೀನು ಕಂಡುಹಿಡಿದು ಬಂದು ಹೇಳು ಎಂದೆ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ವಾಪಸ್ಸು ಬಂದ ಮೇಲೆ ನಂದಿನಿ ಮೇಡಂ ತರಗತಿಯ ಡೈರಿ ತೆಗೆದು ಮೇಜಿನ ಮೇಲಿಟ್ಟರು. ಯಾರು ಯಾವ ಗಂಟೆಯಲ್ಲಿ ಏನು ಪಾಠ ಮಾಡಿದರು ಎಂದು ದಿನವೂ ಬರೆಯುವ ಪುಸ್ತಕ. ಅದನ್ನು ಆಫೀಸಿಗೆ ಹೊತ್ತುಕೊಂಡು ಹೋಗಿ ತರುವುದು ಇಷ್ಟು ವರ್ಷ ನನ್ನ ಕೆಲಸವಾಗಿತ್ತು. ಪೆನ್ನು ನನ್ನ ಕೈಗೆ ಕೊಟ್ಟರು.

"ಪಾಠ ಮಾಡಿದವರು ಬರೀಬೇಕು."

ದಿನಾಂಕ ಬರೆದೆ. ವಿಷಯ ಎಂಬಲ್ಲಿ "ಒಣ ಬಂಡೆಯ ಹಾವಸೆ" ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು. ಪಕ್ಕದಲ್ಲಿ ರತ್ನಮ್ಮ ಎಂದು ಸಹಿ ಹಾಕಿ, "ಅಟೆಂಡರ್ ಅಂತ ಎಲ್ಲಿ ಬರೀಲಿ ಮೇಡಂ?" ಎಂದು ಕೇಳಿದೆ.

ಮೇಡಂ ಡೈರಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು.

"ಇದರಲ್ಲಿ ಅಂಥ ಕಾಲಂ ಇಲ್ಲ ರತ್ನಮ್ಮ" ಎಂದರು.